ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಆ ಗಾದೆಗೂ ಅಪವಾದವೊಂದು ಉಂಟೆಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಬಯಲುಸೀಮೆಯ ಒಂದು ಹಳ್ಳಿಯ ಗೋಮಾಳದಲ್ಲಿ, ಕೈಯಲ್ಲಿ ಗುದ್ದಲಿ ಹಿಡಿದು ನಿಂತಿದ್ದಾಗ.

ಅದು 2006ನೆಯ ಇಸವಿ. ನಾನು ಆಗತಾನೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ಸೇರಿದ್ದೆ. ಹೊಸ ಕೆಲಸದ ಉತ್ಸಾಹದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಹೊಣೆಯನ್ನೂ ಹೊತ್ತುಕೊಂಡಿದ್ದೆ. ಶಿಬಿರಕ್ಕೆಂದು ಒಂದು ಲಾರಿ ಸಸಿ ಬಂದಿತು. ಹೊಂಗೆಯಲ್ಲ, ಬೇವಲ್ಲ, ಹುಣಿಸೆಯಲ್ಲ, ಎಲ್ಲವೂ ಜಟ್ರೋಫಾ. ನಮ್ಮ ಜನ ಕಾಡುಹರಳು ಎಂದೂ ಮರಹರಳು ಎಂದೂ ಕರೆಯುವ, ಬೇಲಿಯ ಸಾಲಿನಲ್ಲಿ ಎಲ್ಲರೂ ಕಂಡಿರುವ ಗಿಡ. ಆದರೆ ಆಗ ಅದು ಬರಿಯ ಬೇಲಿಯ ಗಿಡವಾಗಿ ಉಳಿದಿರಲಿಲ್ಲ. ಅದರ ಬೀಜದಿಂದ ಡೀಸೆಲ್ ಬರುತ್ತದೆ, ದೇಶದ ದಾರಿದ್ರ್ಯವೇ ಹಿಂಗುತ್ತದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು, ಮಂತ್ರಿಗಳು ಭಾಷಣ ಮಾಡುತ್ತಿದ್ದರು. ನಾನೂ ನನ್ನ ಮಿತಿಯಲ್ಲಿ ವಿದ್ಯಾರ್ಥಿಗಳ ಮುಂದೆ ಒಂದು ಭಾಷಣ ಮಾಡಿ ಮುಗಿಸಿದ್ದೆ.

ಗುಂಡಿ ತೋಡುತ್ತಿದ್ದಾಗ ಹತ್ತಿಪ್ಪತ್ತು ಆಡುಗಳನ್ನು ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. ಸಸಿಯನ್ನು ನೋಡಿದಳು, ನಮ್ಮನ್ನು ನೋಡಿದಳು. “ಮೇಯೋ ಜಾಗ್ದಾಗೆ ಮೇಯಕ್ಕಾಗದ ಗಿಡ ಯಾಕಪ್ಪ ನೆಡ್ತೀರಿ?” ಎಂದು ಕೇಳಿದಳು. ನಾನು ವಿನಯದಿಂದಲೇ ಹೇಳಿದೆ: “ಅಜ್ಜಿ, ಇದು ಬೀಳು ಭೂಮಿ. ಸುಮ್ಮನೆ ಬಿದ್ದಿದೆ. ಇಲ್ಲಿ ಎಣ್ಣೆ ಬೆಳೆಯುತ್ತೇವೆ.” ಆಕೆ ತನ್ನ ಆಡುಗಳ ಕಡೆ ಕೈ ತೋರಿಸಿ, “ಸುಮ್ನೆ ಬಿದ್ದಿದ್ರೆ ಇವು ಏನ್ ತಿಂದು ಬದುಕ್ಯವೆ?” ಎಂದಳು. ಉತ್ತರಕ್ಕೆ ಕಾಯಲಿಲ್ಲ, ಆಡುಗಳ ಹಿಂದೆ ಹೊರಟುಹೋದಳು. ವಿದ್ಯಾರ್ಥಿಗಳು ನಕ್ಕರು. ನಾನೂ ನಕ್ಕೆ ಎಂಬುದನ್ನು ಮುಚ್ಚಿಟ್ಟು ಈ ಲೇಖನ ಬರೆಯುವುದು ಸರಿಯಲ್ಲ.

ಇಂದು ನಾನು ಹೇಳಹೊರಟಿರುವುದು ಇಷ್ಟೆ: ಆ ಮುದುಕಿಯ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ, ಇಂದೂ ಇಲ್ಲ. ಬರಡು ನೆಲದಲ್ಲಿ ಎಣ್ಣೆಗಿಡ ಬೆಳೆದು ವಾಹನ ಓಡಿಸುವ ಯೋಜನೆ ಸೋತದ್ದು ಹವಾಮಾನದ ದೋಷದಿಂದಲ್ಲ, ರೈತನ ಸೋಮಾರಿತನದಿಂದಲೂ ಅಲ್ಲ. ‘ಬೀಳು’ ಎಂಬ ಒಂದು ಮಾತನ್ನು ತಪ್ಪಾಗಿ ಓದಿದ್ದರಿಂದ ಸೋತಿತು. ಮಾತನ್ನು ತಪ್ಪಾಗಿ ಓದಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಆಡಳಿತದಲ್ಲಿ ಜನರ ಬಾಳು ಹೋಗುತ್ತದೆ.

* * *

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಈ ಗಿಡ ನಮ್ಮದಲ್ಲ. ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಪೋರ್ಚುಗೀಸ್ ನಾವಿಕರ ಹಡಗುಗಳಲ್ಲಿ ಆಫ್ರಿಕಕ್ಕೂ ಏಷ್ಯಕ್ಕೂ ಬಂದಿತು. ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳಲ್ಲಿ ಇದರ ಬೀಜ ಬೆಳೆದು, ಸಾಬೂನಿಗೂ ದೀಪಕ್ಕೂ ಯೂರೋಪಿಗೆ ಕಳಿಸುತ್ತಿದ್ದರು. ಹೆಸರು ಗ್ರೀಕ್ ಮೂಲದ್ದು. ವೈದ್ಯ ಎಂಬ ಶಬ್ದಕ್ಕೆ ಆಹಾರ ಎಂಬ ಶಬ್ದವನ್ನು ಬೆಸೆದು ಮಾಡಿದ್ದು. ವಿಧಿಯ ಹಾಸ್ಯವೆಂದರೆ ಇದರ ಬೀಜ ಆಹಾರವಲ್ಲ, ವಿಷ. ತಿಂದರೆ ರುಚಿ; ಆಮೇಲೆ ವಾಂತಿ, ಭೇದಿ. ಕಡಲೆಯೆಂದು ಭ್ರಮಿಸಿ ತಿಂದ ಮಕ್ಕಳನ್ನು ಆಸ್ಪತ್ರೆಗೆ ಹೊತ್ತು ತಂದ ಪ್ರಸಂಗಗಳು ಅನೇಕ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿಯೂ ಆ ವಿಷ ಉಳಿದಿರುತ್ತದೆ. ವಿಷ ತೆಗೆಯದೆ ದನಕ್ಕೆ ಹಾಕುವಂತಿಲ್ಲ. ಕಡಲೆಕಾಯಿಯ ಹಿಂಡಿಯಿಂದ ಹಸು ಹಾಲು ಕೊಟ್ಟೀತು. ಈ ಹಿಂಡಿ ಗೊಬ್ಬರದ ಗುಂಡಿಗಷ್ಟೆ ಲಾಯಕ್ಕು.

ದನ ಮುಟ್ಟದು, ಆಡು ಮುಟ್ಟದು ಎಂಬ ಗುಣಕ್ಕಾಗಿಯೇ ನಮ್ಮ ರೈತ ಇದನ್ನು ಬೇಲಿಗೆ ಹಾಕಿದ. ಅದಕ್ಕಿಂತ ಹೆಚ್ಚಿನ ಗೌರವವನ್ನು ಅದಕ್ಕೆ ಕೊಡಲಿಲ್ಲ. ಕೈಗೆ ಸಿಕ್ಕಾಗ ಬೀಜ ಆರಿಸಿ ದೀಪಕ್ಕೆ ಎಣ್ಣೆ ಮಾಡಿಕೊಂಡವರೂ ಇದ್ದರು. ಬೇಲಿಗೆ ಬೇಲಿ, ದೀಪಕ್ಕೆ ದೀಪ. ಅಲ್ಲಿಗೆ ಅದರ ಮರ್ಯಾದೆ ಉಳಿದಿತ್ತು.

ಆ ಬೇಲಿಯ ಗಿಡವನ್ನು ಹೊಲದ ನಡುವಿಗೆ ಕರೆತಂದವರು ದೆಹಲಿಯ ತಜ್ಞರು. ಅಂದಿನ ಯೋಜನಾ ಆಯೋಗದ ಸಮಿತಿಯೊಂದು 2003ರಲ್ಲಿ ವರದಿ ಕೊಟ್ಟಿತು. ಮೊದಲು 4 ಲಕ್ಷ ಹೆಕ್ಟೇರ್‌ನಲ್ಲಿ ಪ್ರಾತ್ಯಕ್ಷಿಕೆ. ಆಮೇಲೆ ಒಂದು ಕೋಟಿ ಹೆಕ್ಟೇರಿಗೂ ಮೀರಿದ ವಿಸ್ತಾರ. 2012ರ ಹೊತ್ತಿಗೆ ದೇಶದ ಡೀಸೆಲಿನಲ್ಲಿ ಶೇಕಡಾ 20 ಭಾಗ ಈ ಎಣ್ಣೆ. ಹೆಕ್ಟೇರಿಗೆ ಮೂರು ನಾಲ್ಕು ಟನ್ನು ಬೀಜ ಬರುವುದೆಂಬ ಅಂದಾಜು. ನೀರು ಬೇಡ, ಗೊಬ್ಬರ ಬೇಡ, ಕಾವಲು ಬೇಡ. ಬೀಳು ಭೂಮಿಯಲ್ಲಿ ಬೆಳೆಯುವುದರಿಂದ ಅನ್ನದ ಬೆಳೆಗೆ ಧಕ್ಕೆಯೂ ಇಲ್ಲ. ಕೇಳುವುದಕ್ಕೆ ಕಲ್ಪವೃಕ್ಷದ ವರ್ಣನೆಯಂತೆ ಇತ್ತು. 2009ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಜೈವಿಕ ಇಂಧನ ನೀತಿ ಆ ಶೇಕಡಾ 20ನ್ನು 2017ಕ್ಕೆ ಮುಂದೂಡಿತು. ಅದೇ ವರ್ಷ ನಮ್ಮ ರಾಜ್ಯವೂ ತನ್ನದೊಂದು ನೀತಿಯನ್ನು ಹೊರಡಿಸಿತು. ಇಲ್ಲಿಯ ಕಾರ್ಯಕ್ರಮಗಳಿಗೆ ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರುಗಳು. ಕನ್ನಡದ ಅಧ್ಯಾಪಕನಾಗಿ ಪ್ರಾಸವನ್ನು ಮೆಚ್ಚಿಕೊಳ್ಳುತ್ತೇನೆ. ಆದರೆ ಪ್ರಾಸ ಕೂಡಿದ ಮಾತ್ರಕ್ಕೆ ಫಸಲು ಕೂಡುವುದಿಲ್ಲ.

2017 ಬಂದು ಹೋಯಿತು. ಡೀಸೆಲಿನಲ್ಲಿ ಜೈವಿಕ ಎಣ್ಣೆಯ ಪಾಲು ಶೇಕಡಾ ಒಂದನ್ನೂ ಮುಟ್ಟಲಿಲ್ಲ. 2018ರ ಹೊಸ ನೀತಿ ಗುರಿಯನ್ನು ಶೇಕಡಾ 5ಕ್ಕೆ ಇಳಿಸಿ, ಗಡುವನ್ನು 2030ಕ್ಕೆ ಏರಿಸಿತು. ಮಗು ಪರೀಕ್ಷೆಯಲ್ಲಿ ನಪಾಸಾದರೆ ಪಾಸು ಅಂಕವನ್ನೇ ಕಡಿಮೆ ಮಾಡುವ ಉಪಾಯ ನಮ್ಮ ಶಿಕ್ಷಣ ಇಲಾಖೆಗೆ ಮಾತ್ರ ಗೊತ್ತೆಂದು ತಿಳಿದಿದ್ದೆ. ಇಂಧನ ನೀತಿಯವರಿಗೂ ಗೊತ್ತು.

ಈ ಭ್ರಮೆ ನಮ್ಮ ದೇಶಕ್ಕೆ ಮಾತ್ರ ಮೀಸಲಾಗಿರಲಿಲ್ಲ. ಬ್ರಿಟನ್ನಿನ ಎಣ್ಣೆ ಕಂಪನಿ ಬಿ.ಪಿ. 2007ರಲ್ಲಿ ಡಿ-1 ಆಯಿಲ್ಸ್ ಎಂಬ ಕಂಪನಿಯೊಡನೆ ಸೇರಿ ಜಟ್ರೋಫಾ ಬೆಳೆಸಲು ಹೊರಟಿತು. ಎರಡೇ ವರ್ಷದಲ್ಲಿ, 2009ರಲ್ಲಿ, ಕೈತೊಳೆದುಕೊಂಡಿತು. ಕಂಪನಿಗೆ ಕೈತೊಳೆದುಕೊಳ್ಳುವುದು ಸುಲಭ. ಗಿಡ ನೆಟ್ಟ ರೈತನಿಗೆ ಗುಂಡಿಯನ್ನೂ ಮುಚ್ಚಿಕೊಳ್ಳಬೇಕು, ಸಾಲವನ್ನೂ ತೀರಿಸಿಕೊಳ್ಳಬೇಕು.

* * *

ಎಲ್ಲಿ ತಪ್ಪಿತು? ಮೊದಲನೆಯ ತಪ್ಪು ಬದುಕುವುದನ್ನೂ ಫಲಿಸುವುದನ್ನೂ ಒಂದೆಂದು ಎಣಿಸಿದ್ದು. ಕಾಡುಹರಳು ಒಣನೆಲದಲ್ಲಿ ಬದುಕುತ್ತದೆ, ನಿಜ. ಬೇಸಗೆಯಲ್ಲಿ ಎಲೆಯುದುರಿಸಿ, ಬೋಳಾಗಿ, ಹಟ ಹಿಡಿದು ನಿಲ್ಲುತ್ತದೆ. ಆದರೆ ಹೊಟ್ಟೆಗಿಲ್ಲದೆ ಬದುಕಿರುವವನನ್ನು ಕುಸ್ತಿಗೆ ಇಳಿಸಿದಂತಾಯಿತು ನಮ್ಮ ಯೋಜನೆ. ನೀರಿಲ್ಲದ ಕಡೆ ಗಿಡ ಉಳಿಯಿತು, ಕಾಯಿ ಹಿಡಿಯಲಿಲ್ಲ. ಕಾಯಿ ಬೇಕೆಂದರೆ ನೀರು ಹಾಕು, ಗೊಬ್ಬರ ಹಾಕು, ರೆಂಬೆ ಸವರು ಎಂದರು. ನೀರೂ ಗೊಬ್ಬರವೂ ಇರುವ ನೆಲದಲ್ಲಿ ರೈತ ವಿಷದ ಬೀಜವನ್ನು ಏಕೆ ಬೆಳೆದಾನು? ರಾಗಿ, ಕಡಲೆಕಾಯಿ, ತೊಗರಿ ಅವನನ್ನು ಕಚ್ಚಿದ್ದವೆ?

ಎರಡನೆಯದು, ಇದು ಇನ್ನೂ ಪಳಗದ ಗಿಡ. ರಾಗಿಯನ್ನು ಮನುಷ್ಯ ಸಾವಿರಾರು ವರ್ಷ ಆರಿಸಿ ಆರಿಸಿ ಬಿತ್ತಿ ಬೆಳೆಯಾಗಿ ಮಾಡಿಕೊಂಡ. ತೆನೆ ಒಟ್ಟಿಗೆ ಬಲಿಯಬೇಕು, ಕಾಳು ಉದುರಬಾರದು ಎಂಬ ಪಾಠವನ್ನು ಅದಕ್ಕೆ ಕಲಿಸಿದ. ಕಾಡುಹರಳಿಗೆ ಆ ಪಾಠವನ್ನು ಯಾರೂ ಹೇಳಲಿಲ್ಲ. ಒಂದೇ ರೆಂಬೆಯಲ್ಲಿ ಹೂವೂ ಇರುತ್ತದೆ, ಹಸಿರು ಕಾಯಿಯೂ ಇರುತ್ತದೆ, ಹಳದಿಯಾದದ್ದೂ ಒಣಗಿದ್ದೂ ಇರುತ್ತದೆ. ಕುಯ್ಲು ಎಂಬುದೇ ಇಲ್ಲ. ವಾರ ವಾರವೂ ಬಂದು ಒಂದೊಂದೇ ಕಾಯಿ ಬಿಡಿಸಬೇಕು, ಸುಲಿಯಬೇಕು, ಒಣಗಿಸಬೇಕು. ಸರ್ಕಾರ 2006ರ ಜನವರಿಯಿಂದ ಜೈವಿಕ ಡೀಸೆಲಿಗೆ ನಿಗದಿ ಮಾಡಿದ ಖರೀದಿ ಬೆಲೆ ಲೀಟರಿಗೆ 25 ರೂಪಾಯಿ. ಒಂದು ಲೀಟರಿಗೆ ಮೂರೂವರೆ ಕಿಲೋ ಬೀಜ ಬೇಕೆಂದು ಇಟ್ಟುಕೊಳ್ಳಿ. ಗಾಣದವನು, ಕಾರ್ಖಾನೆಯವನು, ಲಾರಿಯವನು ಎಲ್ಲರೂ ಧರ್ಮಾರ್ಥ ದುಡಿದರೂ ಬೀಜಕ್ಕೆ ಕಿಲೋ ಒಂದಕ್ಕೆ ಹೆಚ್ಚೆಂದರೆ 7 ರೂಪಾಯಿ. ಅವರಾರೂ ಧರ್ಮಾರ್ಥ ದುಡಿಯುವವರಲ್ಲ. ಉಳಿದ ಪುಡಿಗಾಸಿನಲ್ಲಿ ಬಿಡಿಸಿದವಳ ಕೂಲಿಯೂ ಹುಟ್ಟಲಿಲ್ಲ. ಬೀಜ ಗಿಡದ ಬುಡದಲ್ಲಿಯೇ ಉದುರಿ ಮಣ್ಣಾಯಿತು.

ಇದು ನನ್ನೊಬ್ಬನ ಕೊಂಕುಮಾತಲ್ಲ. ತಮಿಳುನಾಡಿನ ರೈತರ ನಡುವೆ ಪೆರೆ ಅರಿಜಾ ಮೊಂತೋಬಿಯೊ ಎಂಬ ವಿದ್ವಾಂಸರೂ ಬೆಂಗಳೂರಿನ ಅಟ್ರೀ ಸಂಸ್ಥೆಯ ಶರಚ್ಚಂದ್ರ ಲೇಲೆಯವರೂ ಅಧ್ಯಯನ ನಡೆಸಿ 2010ರಲ್ಲಿ ಪ್ರಕಟಿಸಿದರು. ಇಳುವರಿ ನಿರೀಕ್ಷೆಗಿಂತ ಬಹಳ ಕಡಿಮೆ. ಲಾಭವಾಗುವುದಿದ್ದರೂ ಅದು ನೀರಿದ್ದವನಿಗೆ. ಒಟ್ಟಿನಲ್ಲಿ ಈ ಬೆಳೆ ರೈತನನ್ನು, ಅದರಲ್ಲಿಯೂ ಬಡವನನ್ನು, ಇನ್ನಷ್ಟು ಬಡವನನ್ನಾಗಿ ಮಾಡುತ್ತದೆ ಎಂಬುದು ಅವರು ಕಂಡ ಸತ್ಯ. ಬಡತನ ಹಿಂಗಿಸಲು ಬಂದ ಗಿಡ ಬಡವನನ್ನೇ ಹಿಂಗಿಸಿತು.

ಇನ್ನು ಲೆಕ್ಕಕ್ಕೆ ಬರೋಣ. ಸಾಹಿತ್ಯದವನಿಗೆ ಲೆಕ್ಕವೇಕೆ ಎನ್ನಬೇಡಿ. ಇದು ಪ್ರಾಥಮಿಕ ಶಾಲೆಯ ಲೆಕ್ಕ. ನಮ್ಮ ದೇಶ ಈಗ ವರ್ಷಕ್ಕೆ ಸುಮಾರು 9 ಕೋಟಿ ಟನ್ ಡೀಸೆಲ್ ಸುಡುತ್ತದೆ. ಅದರ ಶೇಕಡಾ 20 ಎಂದರೆ 1 ಕೋಟಿ 80 ಲಕ್ಷ ಟನ್. ಒಣನೆಲದಲ್ಲಿ ಹೆಕ್ಟೇರಿಗೆ ಒಂದು ಟನ್ ಬೀಜ ಬಂದೀತೆಂದು ಉದಾರವಾಗಿಯೇ ಹಿಡಿಯೋಣ. ಅದರಲ್ಲಿ 300 ಕಿಲೋ ಎಣ್ಣೆ ಸಿಕ್ಕೀತು. ಹಾಗಾದರೆ ಬೇಕಾದ ನೆಲ 6 ಕೋಟಿ ಹೆಕ್ಟೇರ್. ಕೇಂದ್ರ ಸರ್ಕಾರವೇ 2019ರಲ್ಲಿ ಹೊರತಂದ ಪಾಳುಭೂಮಿಯ ನಕಾಶೆಪುಸ್ತಕದ ಪ್ರಕಾರ ದೇಶದ ಪಾಳುಭೂಮಿಯೆಲ್ಲ ಸೇರಿ ಸುಮಾರು 5 ಕೋಟಿ 58 ಲಕ್ಷ ಹೆಕ್ಟೇರ್. ಆ ಪಟ್ಟಿಯಲ್ಲಿ ಹಿಮಾಲಯದ ಹಿಮವೂ ಇದೆ, ರಾಜಸ್ಥಾನದ ಮರಳ ದಿಬ್ಬವೂ ಇದೆ, ಬರಿಯ ಬಂಡೆಯೂ ಇದೆ. ಅಂದರೆ ಹಿಮದ ಮೇಲೆ, ಮರಳ ಮೇಲೆ, ಬಂಡೆಯ ಮೇಲೆ ಒಂದಂಗುಲವನ್ನೂ ಬಿಡದೆ ಕಾಡುಹರಳು ನೆಟ್ಟರೂ ಇನ್ನೂ ನೆಲ ಸಾಲದು. ಹೋಗಲಿ, ಈಗಿನ ಶೇಕಡಾ 5ರ ಗುರಿಯನ್ನೇ ಈ ಗಿಡದಿಂದ ಮುಟ್ಟುತ್ತೇವೆಂದರೆ 1 ಕೋಟಿ 50 ಲಕ್ಷ ಹೆಕ್ಟೇರ್ ಬೇಕು. ಇಡೀ ಕರ್ನಾಟಕದ ವಿಸ್ತೀರ್ಣ ಸುಮಾರು 1 ಕೋಟಿ 92 ಲಕ್ಷ ಹೆಕ್ಟೇರ್. ಬೀದರಿನಿಂದ ಚಾಮರಾಜನಗರದವರೆಗೆ ಮುಕ್ಕಾಲು ನಾಡನ್ನು ಈ ಗಿಡಕ್ಕೆ ಬಿಟ್ಟುಕೊಟ್ಟು ನಾವೆಲ್ಲ ಉಳಿದ ಕಾಲುಭಾಗದಲ್ಲಿ ಸಂಸಾರ ಮಾಡಬೇಕು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇಷ್ಟು ಅಕ್ಷರಶಃ ನಿಜವಾದ ಸಂದರ್ಭ ಇನ್ನೊಂದಿರಲಾರದು.

* * *

ಇಳುವರಿಯ ತಪ್ಪನ್ನು ವಿಜ್ಞಾನಿಗಳು ನಾಳೆ ತಿದ್ದಿಯಾರು. ಒಳ್ಳೆಯ ತಳಿ ಕಂಡುಹಿಡಿದಾರು. ಅದು ನನ್ನ ಮುಖ್ಯ ತಕರಾರಲ್ಲ. ನನ್ನ ತಕರಾರು ನೆಲದ ಮೇಲಿನ ಮಾತಿನದು.

ನಮ್ಮ ಭಾಷೆಯಲ್ಲಿ ಉಳದೆ ಬಿಟ್ಟ ನೆಲಕ್ಕೆ ಎಷ್ಟು ಹೆಸರುಗಳಿವೆ ನೋಡಿ. ಬೀಳು, ಗೋಮಾಳ, ಹುಲ್ಲುಗಾವಲು, ಹುಲ್ಲುಬನ್ನಿ, ಕಾವಲು, ಮಲೆನಾಡಿಗೆ ಹೋದರೆ ಸೊಪ್ಪಿನಬೆಟ್ಟ, ಕಾನು, ಕರಾವಳಿಗೆ ಇಳಿದರೆ ಕುಮ್ಕಿ, ಕೊಡಗಿಗೆ ಹೋದರೆ ಬಾಣೆ. ಇವು ಬರಿಯ ಹೆಸರುಗಳಲ್ಲ. ಒಂದೊಂದೂ ಒಂದೊಂದು ಹಕ್ಕಿನ ಪತ್ರ. ಗೋಮಾಳವೆಂದರೆ ಅಲ್ಲಿ ದನಕ್ಕೆ ಪಾಲುಂಟು. ಸೊಪ್ಪಿನಬೆಟ್ಟವೆಂದರೆ ಅಡಿಕೆ ತೋಟಕ್ಕೆ ಅಲ್ಲಿಂದ ಸೊಪ್ಪು ಬರಬೇಕು. ಬೀಳು ಎಂದರೂ ಸತ್ತ ನೆಲವಲ್ಲ. ದಣಿದು ಮಲಗಿದ ನೆಲ. ಈ ವರ್ಷ ಬೀಳು ಬಿಟ್ಟೆ ಎಂದು ರೈತ ಹೇಳಿದರೆ, ಮುಂದಿನ ವರ್ಷ ಉಳುತ್ತೇನೆ ಎಂಬ ಅರ್ಥ ಅದರಲ್ಲಿ ಅಡಗಿದೆ.

ಈ ಎಲ್ಲ ಮಾತುಗಳನ್ನೂ ಒಂದೇ ಗೋಣಿಗೆ ತುಂಬಿ ಅದರ ಮೇಲೆ ‘ವೇಸ್ಟ್’ ಎಂದು ಬರೆದದ್ದು ಇಂಗ್ಲಿಷರ ಕಂದಾಯ ಇಲಾಖೆ. ಅವರ ಲೆಕ್ಕ ಸರಳ. ಯಾವ ನೆಲ ಕಂದಾಯ ಕೊಡುವುದಿಲ್ಲವೋ ಅದು ವೇಸ್ಟ್. ಆಡಿಗೆ ಕೊಡುವ ಸೊಪ್ಪು, ಒಲೆಗೆ ಕೊಡುವ ಪುಳ್ಳೆ, ಮನೆಗೆ ಕೊಡುವ ಕಸಬರಿಕೆ ಹುಲ್ಲು, ಮದ್ದಿಗೆ ಕೊಡುವ ಬೇರು, ಇವಾವುದಕ್ಕೂ ಖಜಾನೆಯಲ್ಲಿ ರಸೀತಿ ಇಲ್ಲವಾದ್ದರಿಂದ ಅವು ಇಲ್ಲವೇ ಇಲ್ಲ. ಇಂಗ್ಲಿಷರು ಹೋದರು, ಅವರ ಶಬ್ದ ಹೋಗಲಿಲ್ಲ. ಪಾಳುಭೂಮಿ, ಬಂಜರು, ಖರಾಬು, ನಿಕೃಷ್ಟ ಭೂಮಿ, ಅಂಚಿನ ಭೂಮಿ ಎಂದು ವೇಷ ಬದಲಾಯಿಸಿಕೊಂಡು ಇಂದಿಗೂ ಕಡತಗಳಲ್ಲಿ ತಿರುಗುತ್ತಿದೆ. ಅಂಚಿನ ಭೂಮಿಯಂತೆ! ಯಾರಿಗೆ ಅಂಚು? ವಿಧಾನಸೌಧದಿಂದ ನೋಡಿದರೆ ಅಂಚು. ಆ ಮುದುಕಿಗೆ ಅದೇ ನಡುಮನೆ.

ಕಾನೂನು ಕೂಡ ಇದನ್ನು ಅರಿಯದೆ ಇಲ್ಲ. ಕರ್ನಾಟಕ ಭೂಕಂದಾಯದ 1966ರ ನಿಯಮಗಳಲ್ಲಿ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್‌ನಂತೆ ಊರಿಗೆ ಗೋಮಾಳ ಮೀಸಲಿಡಬೇಕೆಂದು ಸ್ಪಷ್ಟವಾಗಿ ಹೇಳಿದೆ. ಊರೊಟ್ಟಿನ ನೆಲಗಳ ಒತ್ತುವರಿಯನ್ನು ತೆರವು ಮಾಡಿ ಊರಿಗೇ ಹಿಂದಿರುಗಿಸಬೇಕೆಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆಜ್ಞೆ ಮಾಡಿದೆ. ಹೀಗೆ ಒಂದು ಕೈಯಿಂದ ಮೀಸಲಿಟ್ಟ ನೆಲವನ್ನು ಇನ್ನೊಂದು ಕೈಯಿಂದ ‘ಖಾಲಿ’ ಎಂದು ಎಣ್ಣೆಗಿಡಕ್ಕೆ ತೋರಿಸುವುದು ಯಾವ ನ್ಯಾಯ?

ಕನ್ನಡಿಗರಿಗೆ ಇದು ಹೊಸ ಪಾಠವಾಗಬೇಕಾಗಿರಲಿಲ್ಲ. 1984ರಲ್ಲಿ ಸರ್ಕಾರವೂ ಖಾಸಗಿ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಊರೊಟ್ಟಿನ ನೆಲದಲ್ಲಿ ನೀಲಗಿರಿ ಬೆಳೆಯಲು ಹೊರಟವು. ಆಗಲೂ ಅದು ‘ಬರಡು ನೆಲ’ವೇ. ಅದರ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಶಿವರಾಮ ಕಾರಂತರೂ ಇದ್ದರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ನೀಲಗಿರಿಯ ಸಸಿ ಕಿತ್ತರು. ತಮಗೆ ಬೇಕಾದ ಸಸಿ ಹಚ್ಚಿದರು. 1991ರಲ್ಲಿ ಕಂಪನಿಯೇ ಮುಚ್ಚಿತು. ‘ಈ ನೆಲಕ್ಕೆ ಜನರಿದ್ದಾರೆ’ ಎಂದು ಅಷ್ಟು ಗಟ್ಟಿಯಾಗಿ ಕೂಗಿ ಹೇಳಿದ ನಾಡಿನಲ್ಲಿ, ಇಪ್ಪತ್ತೇ ವರ್ಷಗಳಲ್ಲಿ, ಅದೇ ಮಾತನ್ನು ಅದೇ ಬಗೆಯ ನೆಲದ ಮೇಲೆ ಇನ್ನೊಂದು ಗಿಡಕ್ಕಾಗಿ ಮತ್ತೆ ಬಳಸಿದರು. ನಾವು, ಓದಿದವರು, ಕೈಯೆತ್ತಿ ಒಪ್ಪಿದೆವು. ಕೆಲವರು ಗುದ್ದಲಿಯನ್ನೂ ಎತ್ತಿದೆವು.

* * *

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇಕಡಾ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಕೊಲ್ಲಿಯಲ್ಲಿ ಗುಂಡು ಹಾರಿದರೆ ಇಲ್ಲಿ ತರಕಾರಿಯ ಬೆಲೆ ಏರುತ್ತದೆ. ಹೊಗೆಯಿಂದ ಭೂಮಿ ಕಾಯುತ್ತಿದೆ. ಹೀಗಿರುವಾಗ ಗಿಡದ ಎಣ್ಣೆಯನ್ನು ವಿರೋಧಿಸುವುದು ದೇಶದ್ರೋಹವಲ್ಲವೆ, ಎನ್ನುವವರುಂಟು. ಅವರ ಕಳವಳ ನನ್ನದೂ ಹೌದು. ಗಿಡದ ಎಣ್ಣೆಯನ್ನು ನಾನು ವಿರೋಧಿಸುತ್ತಿಲ್ಲ. ಯಾರ ನೆಲದಲ್ಲಿ, ಯಾರನ್ನು ಕೇಳಿ, ಯಾರ ವಾಹನಕ್ಕೆ ಎಂದು ಕೇಳುತ್ತಿದ್ದೇನೆ.

ಹೊಂಗೆಯ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆಯ ಎಣ್ಣೆಯಿಂದಲೇ ಡೀಸೆಲ್ ಎಂಜಿನ್ ಓಡಿಸಿ, ಹಳ್ಳಿಯ ಎಣ್ಣೆಯಿಂದ ಹಳ್ಳಿಗೇ ವಿದ್ಯುತ್ತನ್ನೂ ನೀರನ್ನೂ ಕೊಡಬಹುದೆಂದು ತೋರಿಸಿದರು. ಹಾಸನದ ಬಳಿಯ ಮಡೇನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೊಂಗೆ, ಬೇವು, ಹಿಪ್ಪೆ ಮೊದಲಾದ ಬಗೆಬಗೆಯ ಮರಗಳನ್ನು ಬದುವಿನಲ್ಲಿ ಬೆಳೆಸುವ ದಾರಿ ಹಿಡಿದರು. ಹೊಂಗೆಗೂ ಕಾಡುಹರಳಿಗೂ ಏನು ಭೇದ ಎಂದು ಪಟ್ಟಣದ ವಾಚಕರು ಕೇಳಬಹುದು. ಹೊಂಗೆ ನೆರಳು ಕೊಡುತ್ತದೆ. ಅದರ ಸೊಪ್ಪು ಗದ್ದೆಗೆ ಗೊಬ್ಬರ, ಹಿಂಡಿ ಗೊಬ್ಬರ, ಹೂವು ಯುಗಾದಿಯ ಹೊತ್ತಿಗೆ ಜೇನಿಗೆ ಹಬ್ಬ. ಎಣ್ಣೆಗೆ ಬೆಲೆ ಬಾರದ ವರ್ಷವೂ ಮರ ನಷ್ಟವಾಗುವುದಿಲ್ಲ. ಬದುವಿನ ಮರ ಯಾರ ಮೇವನ್ನೂ ಕಿತ್ತುಕೊಳ್ಳುವುದಿಲ್ಲ. ಅದು ಊರಿಗೆ ಸೇರಿದ ಮರ. ಇದು ಊರ ಮೇಲೆ ಹೇರಿದ ಗಿಡ. ಭೇದ ಇರುವುದು ಗಿಡದಲ್ಲಿ ಅರ್ಧ; ನೆಡುವ ಬಗೆಯಲ್ಲಿ ಅರ್ಧ. ಹೊಂಗೆಯನ್ನೇ ಗೋಮಾಳದ ಉದ್ದಗಲಕ್ಕೂ ತಂತಿ ಬಿಗಿದು ನೆಟ್ಟರೆ ನಾನು ಹೊಂಗೆಯನ್ನೂ ವಿರೋಧಿಸಿಯೇನು.

ಹಳೆಯ ಕಥೆಯನ್ನು ಈಗ ಕೆದಕುವುದೇಕೆ ಎಂದು ಕೇಳಬಹುದು. ಕಥೆ ಹಳೆಯದಾಗಿಲ್ಲ. 2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಒಂದು ವಿಮಾನ ಹಾರಿತು. ಅದರ ಇಂಧನದಲ್ಲಿ ಶೇಕಡಾ 25 ಕಾಡುಹರಳಿನ ಎಣ್ಣೆಯಿಂದ ಮಾಡಿದ್ದು. ಡೆಹ್ರಾಡೂನಿನ ಪೆಟ್ರೋಲಿಯಂ ಸಂಸ್ಥೆಯ ವಿಜ್ಞಾನಿಗಳ ಸಾಧನೆ ನಿಜಕ್ಕೂ ದೊಡ್ಡದು, ಅವರಿಗೆ ನಮಸ್ಕಾರ. ಆದರೆ ಒಂದು ವಿಮಾನ ಒಮ್ಮೆ ಹಾರುವುದು ಬೇರೆ, ದಿನವೂ ಹಾರುವುದು ಬೇರೆ. ಹೊರದೇಶಕ್ಕೆ ಹಾರುವ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇಕಡಾ 1, 2028ಕ್ಕೆ ಶೇಕಡಾ 2, 2030ಕ್ಕೆ ಶೇಕಡಾ 5 ಜೈವಿಕ ಇಂಧನ ಬೆರೆಸುವ ಗುರಿಯನ್ನು ಇಟ್ಟುಕೊಂಡಿದ್ದೇವೆ. ಎಣ್ಣೆ ಎಲ್ಲಿಂದ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಆಗ ಯಾರಾದರೊಬ್ಬರು ನಕಾಶೆಯ ಮೇಲೆ ಬೆರಳಿಟ್ಟು, ಇಲ್ಲಿ ನೆಲ ಸುಮ್ಮನೆ ಬಿದ್ದಿದೆಯಲ್ಲ, ಎನ್ನದೆ ಇರುವುದಿಲ್ಲ. ಆ ಬೆರಳು ಆ ಜಾಗಕ್ಕೆ ಹೋಗುವ ಮೊದಲೇ ಈ ಮಾತು ಹೇಳಿಬಿಡಬೇಕೆಂದು ಹೇಳುತ್ತಿದ್ದೇನೆ.

ಮಾಡಬೇಕಾದದ್ದೇನು? ದೊಡ್ಡದೇನೂ ಇಲ್ಲ. ಯಾವ ನೆಲವನ್ನಾದರೂ ಪಾಳು ಎಂದು ಬರೆಯುವ ಮುಂಚೆ, ಅದರಲ್ಲಿ ಮೇಯುವವರಾರು, ಪುಳ್ಳೆ ಆರಿಸುವವರಾರು, ಯಾವ ತಿಂಗಳಲ್ಲಿ ಏನು ತರುತ್ತಾರೆ ಎಂಬುದನ್ನು ಗ್ರಾಮಸಭೆಯಲ್ಲಿ ಕೇಳಿ ಬರೆಯಬೇಕು. ಆ ಕಲಮು ಖಾಲಿಯಾಗಿ ಉಳಿದರೆ ಮಾತ್ರ ನೆಲ ಖಾಲಿ. ಮರದ ಎಣ್ಣೆ ಬೇಕಾದರೆ ಬದು, ರಸ್ತೆಯ ಅಂಚು, ಮನೆಯ ಹಿತ್ತಲು ಇವೆ. ಬೀಜ ಆರಿಸಿದವಳಿಗೆ ಕೂಲಿ ಗಿಟ್ಟುವ ಬೆಲೆಯನ್ನು ಮೊದಲು ಗೊತ್ತುಮಾಡಿ, ಆಮೇಲೆ ಸಸಿ ಕೊಡಬೇಕು. ನಮ್ಮಲ್ಲಿ ಸಸಿ ಮೊದಲು ಬರುತ್ತದೆ, ಬೆಲೆ ಬರುವುದೇ ಇಲ್ಲ. ಇನ್ನು ಪಟ್ಟಣದವರಾದ ನಮಗೂ ಒಂದು ಕರ್ತವ್ಯವಿದೆ. ಕರಿದುಳಿದ ಎಣ್ಣೆಯಿಂದ ಡೀಸೆಲ್ ಮಾಡುವ ಕಾರ್ಯಕ್ರಮ 2018ರಿಂದ ಇದೆ. ಬೆಂಗಳೂರಿನ ಬೋಂಡದ ಬಾಣಲೆಗಳಲ್ಲಿ ನಾಲ್ಕನೆಯ ಸಲ ಕಾಯುತ್ತಿರುವ ಎಣ್ಣೆಯನ್ನು ಮೊದಲು ಲೆಕ್ಕಕ್ಕೆ ತರೋಣ. ಅದರಿಂದ ವಾಹನಕ್ಕೂ ಕ್ಷೇಮ, ನಮ್ಮ ಎದೆಗೂ ಕ್ಷೇಮ. ನಮ್ಮ ಪಾಳನ್ನು ನಾವೇ ಬಳಸಿ ಮುಗಿಸಿದ ಮೇಲೆ ಹಳ್ಳಿಯ ಪಾಳಿನ ಮಾತು ಆಡಬಹುದು. ನಾನೂ ಸ್ಕೂಟರು ಓಡಿಸುವವನೇ. ಆದ್ದರಿಂದ ಈ ಮಾತು ನನಗೂ ಅನ್ವಯಿಸುತ್ತದೆ.

ಕಳೆದ ವರ್ಷ ಆ ಊರಿನ ಕಡೆ ಹೋಗಿದ್ದೆ. ನಾವು ನೆಟ್ಟ ಸಾಲುಗಳಲ್ಲಿ ಒಂದೂ ಸಾಲಾಗಿ ಉಳಿದಿರಲಿಲ್ಲ. ಕೆಲವು ಒಣಗಿದ್ದವು. ಮಿಕ್ಕವುಗಳ ರೆಂಬೆ ಕಡಿದು ಊರಿನವರು ತಮ್ಮ ಹೊಲಗಳ ಸುತ್ತ ಊರಿಕೊಂಡಿದ್ದರು. ಬೇಲಿಯ ಗಿಡ ಬೇಲಿಗೆ ಮರಳಿತ್ತು. ಅದರಲ್ಲಿ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಆದರೆ ಗೋಮಾಳ ಊರಿಗೆ ಮರಳಿರಲಿಲ್ಲ. ಎಣ್ಣೆಗಿಡಕ್ಕೆಂದು ಒಮ್ಮೆ ‘ಪಾಳು’ ಎಂದು ಬರೆದದ್ದು ಕಾಗದದಲ್ಲಿ ಹಾಗೆಯೇ ನಿಂತು, ಮುಂದೆ ಇನ್ನಾವುದೋ ಉದ್ದೇಶಕ್ಕೆ ಅದರ ಅರ್ಧಕ್ಕೆ ತಂತಿಬೇಲಿ ಬಿದ್ದಿತ್ತು. ಗಿಡ ಸತ್ತರೂ ಶಬ್ದ ಸಾಯಲಿಲ್ಲ. ಮುದುಕಿಯನ್ನು ವಿಚಾರಿಸಿದೆ; ತೀರಿಕೊಂಡು ಬಹಳ ಕಾಲವಾಯಿತೆಂದರು. ಆಡುಗಳು? ಮೇವಿಲ್ಲದೆ ಮಾರಿದರಂತೆ. ಆಕೆಯ ಮೊಮ್ಮಗ ಬೆಂಗಳೂರಿನಲ್ಲಿ ಬಾಡಿಗೆ ವಾಹನ ಓಡಿಸುತ್ತಾನಂತೆ.

ಅದಕ್ಕೆ ಹಾಕುವ ಡೀಸೆಲ್ ಎಲ್ಲಿಂದ ಬರುತ್ತದೆಂದು ನಾನು ಕೇಳಲಿಲ್ಲ. ಅವನ ಅಜ್ಜಿಯ ಗೋಮಾಳದಿಂದಂತೂ ಅಲ್ಲ.